ಪಣಕ್ಕೆ ಬಿದ್ದ ಕರಿಬೇವು

“ಅಮ್ಮಾ, ತಾತ ಯಾಕೆ ಎಲ್ಲಾನೂ ಕೊಟ್ಬಿಡ್ತಿದಾರೆ? ಡಸಂಟ್ ಹಿ ವಾಂಟ್ ಟು ವಿನ್?”

ಆರು ವರ್ಷದ ಶರ್ವಾಣಿಯ ಪ್ರಶ್ನೆ ಕೇಳಿ, ಅಕ್ಕಿ ತೊಳೆಯುತ್ತಿದ್ದ ಮಧುರಾ ಒದ್ದೆ ಕೈಯಲ್ಲೇ ಹಾಲ್‌ಗೆ ಓಡಿಬಂದಳು. ಚದುರಂಗ ಶುರುವಾಗಿ ಹತ್ತು ನಡೆಯಾಗಿತ್ತೋ ಇಲ್ಲವೋ, ಮಾವ ಅಶ್ವತ್ಥನವರು ಎರಡು ಕಾಲಾಳು, ಒಂದು ಕುದುರೆ, ಒಂದು ಒಂಟೆಯನ್ನು ದಾನಶೂರರಂತೆ ಧಾರೆಯೆರೆದು ಕೂತಿದ್ದರು. ಎದುರುಮನೆಯ ವೆಂಕಟೇಶ್ ಅವನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಚಕ್ಕುಲಿ ಮುರಿಯುತ್ತಿದ್ದ.

ಮಾವ ಸೋಲುವುದು ಹೊಸದಲ್ಲ. ಆದರೆ ಈ ಸಲ ಪಣಕ್ಕಿದ್ದದ್ದು ಮಧುರಾಳ ಕರಿಬೇವಿನ ಗಿಡ. ಅಮೆರಿಕದ ಈ ಮುಕಿಲ್ಟಿಯೊ ಊರಿನ ಚಳಿಯಲ್ಲಿ ನಾಲ್ಕು ವರ್ಷ ಹೀಟರ್ ಪಕ್ಕ ಕೂರಿಸಿ, ಹುಳಿಮಜ್ಜಿಗೆ ಕುಡಿಸಿ ಸೊಂಟದೆತ್ತರ ಬೆಳೆಸಿದ ಗಿಡ. (ತನಗೆ ಇಷ್ಟು ಆರೈಕೆ ಎಂದೂ ಆಗಿಲ್ಲವೆಂಬುದು ಗಂಡ ಕಶ್ಯಪನ ದೂರು.) ಮಾವ ಗೆದ್ದರೆ ವೆಂಕಟೇಶನ ಹಿಟ್ಟು ರುಬ್ಬುವ ಗ್ರೈಂಡರ್ ಈ ಮನೆಗೆ.

“ನಿಂಗೋಸ್ಕರಾನೇ ಕಣಮ್ಮ,” ಎಂದರು ಮಾವ. “ಮಿಕ್ಸೀಲಿ ರುಬ್ಬಿದ್ರೆ ಇಡ್ಲಿ ಕಲ್ಲಾಗತ್ತೆ ಅಂತ ನೀನೇ ತಾನೇ ಅಂದಿದ್ದು.”

ಬೈಯಲು ಬಂದವಳು ಒದ್ದೆ ಕೈ ಒರೆಸಿಕೊಂಡು ಅಲ್ಲೇ ಕೂತಳು.

ಅಷ್ಟರಲ್ಲಿ ಆಟ ತಿರುಗಿತು. ಬಿಟ್ಟಿ ಒಂಟೆ ತಿನ್ನುವ ಆಸೆಗೆ ಮನೆ ಬಿಟ್ಟ ವೆಂಕಟೇಶನ ರಾಜ ನಡುಬೀದಿಗೆ ಬಂದಿದ್ದ. ಮಾವನ ಮಂತ್ರಿ, ಆನೆ ಎರಡೂ ಅವನನ್ನು ಅಟ್ಟಾಡಿಸತೊಡಗಿದವು. ಕೊಟ್ಟ ಕಾಯಿಗಳೆಲ್ಲ ಇಲಿಬೋನಿನ ಕೊಬ್ಬರಿ ಚೂರುಗಳೆಂದು ಮಧುರಾಳಿಗೆ ಆಗ ಹೊಳೆಯಿತು. ಒಲೆಯ ಮೇಲಿದ್ದ ಬೇಳೆಯ ಕುಕ್ಕರ್ ಐದು ಸಲ ಕೂಗಿದರೂ ಯಾರೂ ಏಳಲಿಲ್ಲ.

ಹಠಾತ್ತನೆ ವೆಂಕಟೇಶನ ಆನೆಯೊಂದು ಸರ್ರನೆ ಮಾವನ ಕೊನೆಯ ಸಾಲಿಗೆ ನುಗ್ಗಿತು. ಮಾವನ ರಾಜನಿಗೆ ಎಲ್ಲೂ ದಾರಿಯಿಲ್ಲ. ಮಾವ ಒಂದಿಷ್ಟೂ ಗಾಬರಿಯಾಗದೆ ರಾಜನನ್ನೆತ್ತಿ, ಕುದುರೆಯಂತೆ ನೆಗೆಸಿ ಇಟ್ಟರು.

“ನಮ್ಮ ಕಡೆ ರಾಜನಿಗೆ ಒಂದು ಸಲ ಕುದುರೆ ನಡೆ ಇದೆಯಪ್ಪ.”

“ಅಂಕಲ್, ಚೆಸ್ ಆಪ್‌ನಲ್ಲಿ ಅದೆಲ್ಲ ಇಲ್ಲ.”

“ಆಪ್ ಹುಟ್ಟೋಕೆ ಮುಂಚೆ ರಾಜ ಹುಟ್ಟಿದ್ದ.”

ಕಶ್ಯಪ ಕಸದ ಚೀಲ ಹಿಡಿದು ಜಾಣತನದಿಂದ ಹೊರನಡೆದ. ನ್ಯಾಯ ಮಧುರಾಳ ಮುಂದೆ ಬಂತು. ಅವಳು ಗಿಡದ ಕಡೆ ನೋಡಿದಳು. ಎಳೆಯ ಚಿಗುರೊಂದು ಅವಳತ್ತಲೇ ಬಾಗಿತ್ತು.

“ನಮ್ಮಜ್ಜಿ ಮನೇಲೂ ಹಾಗೇ ಆಡ್ತಿದ್ರು. ರಾಜ ಅಂದ್ಮೇಲೆ ಒಂದ್ಸಲ ನೆಗೀಬಹುದು,” ಎಂದು ತೀರ್ಪು ಕೊಟ್ಟಳು. (ಅಜ್ಜಿ ಮನೆಯಲ್ಲಿ ಆಡುತ್ತಿದ್ದದ್ದು ಬರೀ ಅಳಗುಳಿಮಣೆ.)

ವೆಂಕಟೇಶ್ ಕಾಲಾಳೊಂದನ್ನು ಮುಂದೆ ತಳ್ಳಿದ. ಮಾವ ಗತ್ತಿನಿಂದ ಮಂತ್ರಿಯನ್ನು ಸರಿಸಿ ಚೆಕ್ ಕೊಟ್ಟರು. ವೆಂಕಟೇಶನ ರಾಜನಿಗೆ ಕದಲಲು ಜಾಗವಿಲ್ಲ. ಮಧುರಾ ಮನಸ್ಸಿನಲ್ಲೇ ಮೈಕ್ರೋವೇವನ್ನು ಪಕ್ಕಕ್ಕೆ ಸರಿಸಿ ಗ್ರೈಂಡರಿಗೆ ಜಾಗ ಮಾಡಿದಳು.

ವೆಂಕಟೇಶ್ ಉಳಿದ ಚಕ್ಕುಲಿಯನ್ನೂ ಮುಗಿಸಿ, ಕೈ ಒರೆಸಿಕೊಂಡ.

“ಅಕ್ಕಾ, ನನ್ನದೂ ರಾಜನೇ ಅಲ್ವಾ?”

ಅವನ ರಾಜ ಟಣ್ಣನೆ ನೆಗೆದ. ಇಷ್ಟು ಹೊತ್ತು ಆ ರಾಜನ ಹಿಂದೆ ಸಿಕ್ಕಿಕೊಂಡಿದ್ದ ವೆಂಕಟೇಶನ ಇನ್ನೊಂದು ಆನೆಗೆ ದಾರಿ ತೆರೆಯಿತು; ಅದು ನೇರ ಮಾವನ ರಾಜನ ಎದೆಗೆ ಗುರಿಯಿಟ್ಟಿತು. ತಪ್ಪಿಸಿಕೊಳ್ಳಲು ಮನೆಯಿಲ್ಲ, ನೆಗೆತ ಆಗಲೇ ಖರ್ಚಾಗಿತ್ತು.

ಕರಿಬೇವು ವೆಂಕಟೇಶನ ತೋಳಿನಲ್ಲಿ ತಲೆಯಾಡಿಸುತ್ತ ರಸ್ತೆ ದಾಟಿತು. ಶರ್ವಾಣಿ ಬಾಗಿಲಲ್ಲಿ ನಿಂತು ಅದಕ್ಕೆ ಬಾಯ್ ಹೇಳಿದಳು.

ಸಾರು ಕುದಿಯುವ ಹೊತ್ತಿಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು, ಎರಡು ಸಲ ಕೆಮ್ಮಿದರು.

“ಮಧುರಾ, ಒಂದು ಉಪಕಾರ ಮಾಡಮ್ಮ. ಒಗ್ಗರಣೆಗೆ ನಾಲ್ಕು ಎಲೆ ಬೇಕಲ್ಲ... ನಾನು ಕೇಳಿದ್ರೆ ಚೆನ್ನಾಗಿರಲ್ಲ. ನೀನೇ ಹೋಗಿ ಈಸ್ಕೊಂಡು ಬರ್ತೀಯಾ?”