ಪುಷ್ಪಕ್ಕನ ಗುಂಡಿ ಯಾವುದು

ರೂಪೇಶನ ಕಷ್ಟಕ್ಕೆಲ್ಲ ಕಾರಣ ಒಂದು ಗುಂಡಿ. ಅಂಗಿಯ ಗುಂಡಿಯಲ್ಲ, ಪ್ಲಗಿನ್ನಿನದು. ಪ್ಲಗಿನ್ ಎಂದರೆ ರೆಕಾರ್ಡ್ ಆದ ದನಿಯ ಗೊರಗೊರ, ಕಿರಿಕಿರಿ ತೆಗೆದು ಕಿವಿಗೆ ಹಿತವಾಗುವಂತೆ ಮಾಡುವ, ಕಂಪ್ಯೂಟರಿನೊಳಗಿನ ಸಣ್ಣ ಸಾಫ್ಟ್‌ವೇರ್. ರೂಪೇಶನ ಪ್ಲಗಿನ್ನಿಗೆ ಇದ್ದದ್ದು ಒಂದೇ ಗುಂಡಿ, ಪರದೆಯ ಮೇಲೆ ದೋಸೆ ಕಾವಲಿಯಷ್ಟು ದೊಡ್ಡದು. ಬಲಕ್ಕೆ ತಿರುಗಿಸಿದರೆ ದನಿ ಚಂದವಾಗುತ್ತದೆ, ಆಸೆಗೆ ಬಿದ್ದು ಜಾಸ್ತಿ ತಿರುಗಿಸಿದರೆ ಕೆಡುತ್ತದೆ. ಅಷ್ಟೇ ಅದರ ಶಾಸ್ತ್ರ. ಇದೊಂದನ್ನು ನಂಬಿ ಅವನು ಕುಂದಾಪುರ ಬಸ್ ಸ್ಟ್ಯಾಂಡಿನ ಹಿಂದಿನ ಮಾಳಿಗೆಯಲ್ಲಿ ಕುಳಿತು ಆಟೋ ಪ್ರಚಾರ, ಶಾಲೆಯ ಸ್ವಾಗತಗೀತೆ, ಭಜನೆ ಎಂದು ಸಿಕ್ಕಿದ್ದನ್ನೆಲ್ಲ ಮಾಡಿಕೊಂಡು ಮರ್ಯಾದೆಯಲ್ಲಿ ಬದುಕಿದ್ದ. ಹಾಗೇ ಇದ್ದುಬಿಡಬಹುದಿತ್ತು. ಆದರೆ ಅವನಿಗೆ ಮದುವೆಯಾಗುವ ಮನಸ್ಸಾಯಿತು.

ಹುಡುಗಿ ಬಸ್ರೂರಿನ ಕ್ಷಮಾ, ಸೊಸೈಟಿಯಲ್ಲಿ ಕೆಲಸ. ಅವಳದ್ದು ಒಪ್ಪಿಗೆ ಇತ್ತು. ಒಪ್ಪಬೇಕಾದವರು ಅವಳ ತಾಯಿ ಪ್ರಭಾವತಿಯಮ್ಮ, ಊರಿನ ಮಹಿಳಾ ಭಜನಾ ಮಂಡಳಿಯ ಅಧ್ಯಕ್ಷೆ. ಮಗಳಿಗೆ ಬಂದ ಸಂಬಂಧಗಳನ್ನೆಲ್ಲ ಅವರು "ಹುಡ್ಗ ಎಂತ ಕೆಲ್ಸ ಮಾಡುದಂತ ನಂಗ್ ಅರ್ಥ ಆಯ್ಲಿಲ್ಲ" ಎಂಬ ಒಂದೇ ಮಾತಿನಲ್ಲಿ ವಾಪಸು ಕಳಿಸಿದ್ದರು. ಹಾಗಾಗಿ ಕ್ಷಮಾ ಒಂದು ಉಪಾಯ ಹೂಡಿದಳು. ಮಂಡಳಿಯ ಭಜನೆ ರೆಕಾರ್ಡ್ ಮಾಡುವ ಕೆಲಸ ಯಾರ ಮೂಲಕವೋ ರೂಪೇಶನಿಗೇ ಸಿಗುವಂತೆ ಮಾಡಿದಳು.

"ಅಮ್ಮಂಗೆ ಈಗ್ಲೇ ನಿಮ್ ವಿಷ್ಯ ಹೇಳ್ತಿಲ್ಲೆ. ಮೊದ್ಲ್ ಕೆಲ್ಸ ಕಾಣ್ಲಿ. ಹಿಡಿಸ್ರೆ ಅವ್ರೇ ಬಾಯ್ಬಿಟ್ಟ್ ಕೇಂತ್ರ್. ಆಗ ನಾನ್ ಅಕ್ಕ್, ಒಪ್ಪಿಗೆ ಅಂದ್ ಬಿಡ್ತೆ."

ಹಿಂದಿನ ಭಾನುವಾರ ರೂಪೇಶ ಮೈಕು, ಸ್ಟ್ಯಾಂಡು, ವಯರಿನ ಸುರುಳಿ ಹೊತ್ತುಕೊಂಡು ಬಸ್ರೂರಿಗೆ ಹೋಗಿ, ಬೆವರಿಳಿಸಿ ರೆಕಾರ್ಡ್ ಮಾಡಿ, ಅವರು ಕೊಟ್ಟ ಅವಲಕ್ಕಿ ತಿಂದು ಬಂದಿದ್ದ. ಇವತ್ತು ಸಂಜೆ ಮಂಡಳಿಯವರೇ ಸ್ಟುಡಿಯೋಕ್ಕೆ ಬಂದು ಕೇಳುವುದೆಂದಾಗಿತ್ತು. ಬೆಳಿಗ್ಗೆ ಕಂಪ್ಯೂಟರಿನ ಎದುರು ಕೂತ ರೂಪೇಶನಿಗೆ ತನ್ನ ಒಂಟಿ ಗುಂಡಿಯನ್ನು ಕಂಡು ಮೊದಲ ಸಲ ನಾಚಿಕೆಯಾಯಿತು. ಅತ್ತೆಯಾಗುವವರು ಕೆಲಸ ನೋಡಲು ಬರುತ್ತಾರೆ. ಒಂದು ಗುಂಡಿ ತಿರುಗಿಸಿ, ಆಯಿತು, ಇಷ್ಟೇ ನನ್ನ ಕೆಲಸ ಎಂದು ಯಾವ ಬಾಯಲ್ಲಿ ಹೇಳುವುದು?

ಪ್ರೇಮಾನಂದನಿಗೆ ಫೋನು ಹೋಯಿತು. ಪ್ರೇಮಾನಂದ ಮುಂಬೈಯ ಆರ್ಕೆಸ್ಟ್ರಾ ಒಂದರಲ್ಲಿ ಸೌಂಡ್ ನೋಡಿಕೊಂಡು, ಈಗ ಊರಿಗೆ ಬಂದು ಕೂತ ಗೆಳೆಯ. ಮದುವೆಯ ಗುಟ್ಟನ್ನು ರೂಪೇಶ ಅವನಿಗೆ ಹೇಳಲಿಲ್ಲ, ದೊಡ್ಡ ಪಾರ್ಟಿ ಬರುತ್ತಿದೆ ಎಂದಷ್ಟೇ ಹೇಳಿದ. ಪ್ರೇಮಾನಂದ ಪೆನ್‌ಡ್ರೈವ್ ಹಿಡಿದು ಬಂದವನೇ ಹೊಸ ಪ್ಲಗಿನ್ ಹಾಕಿಕೊಟ್ಟ. ಪರದೆ ತೆರೆದರೆ ಹಲಸಿನ ಹಣ್ಣಿನ ಸಿಪ್ಪೆಯ ಹಾಗೆ ಮೈತುಂಬ ಗುಂಡಿಗಳು. ಅದರ ಕೆಳಗೆ ಸಾಲಾಗಿ ಎಂಟು ಬಣ್ಣದ ದೊಡ್ಡ ಗುಂಡಿಗಳು ಬೇರೆ.

"ಇದ್ರಗೆ ಇಲ್ದಿದ್ದ್ ಅಂತ ಇಲ್ಲೆ" ಎಂದ ಪ್ರೇಮಾನಂದ.

"ಅದ್ ಸರಿ ಮಾರಾಯ. ಇದ್ದದ್ದ್ ಎಲ್ಲಿತ್ತ್?" ಎಂದ ರೂಪೇಶ.

ಮೊದಲ ಗುಂಡಿ ತಿರುಗಿಸಿದ್ದಕ್ಕೆ ಪ್ರಭಾವತಿಯಮ್ಮನ ದನಿ ಬಾವಿಯೊಳಗೆ ಬಿತ್ತು. ಪ್ರೇಮಾನಂದ ಅದನ್ನು ಮೇಲೆತ್ತಿದಾಗ ಹಾರ್ಮೋನಿಯಂ ಕಾಣೆಯಾಯಿತು. ಹಾರ್ಮೋನಿಯಂ ಹುಡುಕಿ ತಂದರೆ, ತಾಳದ ಒಂದೊಂದು ಪೆಟ್ಟಿಗೂ ಅಡುಗೆಮನೆಯ ಅಟ್ಟದಿಂದ ಪಾತ್ರೆ ಉರುಳಿದಂತಾಗತೊಡಗಿತು. ಈ ಗದ್ದಲಕ್ಕೆ ಕೆಳಗಿನ ಮೊಬೈಲ್ ಅಂಗಡಿಯವನು ಅಂಗಡಿ ಬಿಟ್ಟು ಮೇಲೆ ಬಂದ.

"ಹ್ವಾಯ್, ಯಾರಿಗ್ ಎಂತ ಆಯ್ತ್? ಕೂಗುದ್ ಕೇಂಡ್ ಓಡಿ ಬಂದೆ."

"ಯಾರಿಗೂ ಎಂತ ಆಯ್ಲಿಲ್ಲ. ಭಜನೆ ಅದ್."

"ಭಜನೆಯಾ? ಹಂಗಾರೆ ಟ್ರೆಬಲ್ ಜಾಸ್ತಿ ಮಾಡ್. ನಮ್ ಸಿದ್ದಾಪುರ ಬಸ್ಸಂಗೆ ಟ್ರೆಬಲ್ ಇಟ್ರೆ ಕಡೀ ಸೀಟಿಗೂ ಕೇಂತ್ತ್" ಎಂದು ತಾನೇ ಒಂದು ಗುಂಡಿ ತಿರುಗಿಸಿ, ಒಳ್ಳೆಯ ಕೆಲಸ ಮಾಡಿದವನ ಹಾಗೆ ಮೆಟ್ಟಿಲಿಳಿದು ಹೋದ. ಅವನು ಯಾವುದನ್ನು ತಿರುಗಿಸಿದನೆಂದು ಯಾರಿಗೂ ಕೊನೆಗೂ ಗೊತ್ತಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಡೀ ಮಂಡಳಿ ತೆಂಗಿನ ಗೆರಟೆಯೊಳಗೆ ಸಿಕ್ಕಿಕೊಂಡ ದುಂಬಿಗಳ ಹಾಗೆ ಗುಂಯ್‌ಗುಡುತ್ತಿತ್ತು. ಪ್ಲಗಿನ್ನಿನ ಜೊತೆ ಬಂದ ಕೈಪಿಡಿಯನ್ನು ತೆರೆದರೆ, ಅದನ್ನು ಓದಿ ಮುಗಿಸುವಷ್ಟರಲ್ಲಿ ಕ್ಷಮಾ ಸೊಸೈಟಿಯಿಂದ ರಿಟೈರ್ ಆಗುವ ಹಾಗಿತ್ತು.

ರೂಪೇಶನಿಗೆ ಅಳು ಬಂತು. ಊಟ ಸೇರಲಿಲ್ಲ. ಆಗಲೇ ಕ್ಷಮಾಳ ಫೋನು.

"ಅಮ್ಮ ಸಂಜಿಗೆ ಬಪ್ದಲ್ಲ, ಆಗ್ಲೇ ಬಸ್ ಹತ್ತಿ ಹೋದ್ರ್. ಎಂಟ್ ಜನವೂ ಇದ್ರ್. ನೀವ್ ತಯಾರಿದ್ರಿ ಅಲ್ದಾ?"

"ತಯಾರೇ" ಎಂದ ರೂಪೇಶ. ಫೋನಿಟ್ಟವನೇ ಆ ಹಲಸಿನ ಹಣ್ಣಿನ ಮೂಲೆಯಲ್ಲಿದ್ದ ಆಫ್ ಬಟನ್ ಒತ್ತಿದ. ದುಂಬಿಗಳು ನಿಂತವು. ಭಾನುವಾರ ರೆಕಾರ್ಡ್ ಆದಾಗ ಹೇಗಿತ್ತೋ ಹಾಗೇ ಭಜನೆ ಕೇಳತೊಡಗಿತು. ಇನ್ನು ತನ್ನ ಹಳೆಯ ಗುಂಡಿಯನ್ನೇ ತೆರೆಯೋಣ, ಮಾನ ಹೋದರೆ ಹೋಗಲಿ ಎಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

ಇದ್ದ ಒಂದೇ ತಿರುಗುವ ಕುರ್ಚಿಯಲ್ಲಿ ಪ್ರೇಮಾನಂದ ಕೂತಿದ್ದ. ಪ್ರಭಾವತಿಯಮ್ಮ ಅವನಿಗೆ ಕೈಮುಗಿದರು. ಆಮೇಲೆ ರೂಪೇಶನನ್ನು ಕಂಡು, "ಹೋ, ಮೈಕ್ ಹೊತ್ಕಂಡ್ ಬಂದ ಹುಡ್ಗನೂ ಇಲ್ಲೇ ಇದ್ದ" ಎಂದು ಪ್ರೀತಿಯಿಂದ ನಕ್ಕರು.

ಈ ಸ್ಟುಡಿಯೋ ನನ್ನದೇ ಎಂದು ರೂಪೇಶ ಬಾಯಿ ತೆರೆದ. ಅಷ್ಟರಲ್ಲಿ ಪುಷ್ಪಕ್ಕ, "ಎಂತ ಸೆಕಿ ಮಾರಾಯ್ರೆ, ಗಂಟ್ಲ್ ಆರಿ ಹೋಯ್ತ್" ಎಂದು ಸೆರಗಿನಿಂದ ಗಾಳಿ ಹಾಕಿಕೊಂಡರು. ಪುಷ್ಪಕ್ಕ ಮಂಡಳಿಯ ಎರಡನೇ ಸ್ವರ, ಜಗಳದಲ್ಲಿ ಮೊದಲನೆಯದು. ಅತ್ತೆಯ ಕಡೆಯವರನ್ನು ಒಣಗಂಟಲಲ್ಲಿ ಕೂರಿಸುವುದು ಹೇಗೆ? ರೂಪೇಶ ಚಾ, ಗೋಳಿಬಜೆ ತರಲು ಹೋಟೆಲಿಗೆ ಓಡಿದ. ಅವನ ಜನ್ಮದ ತಪ್ಪುಗಳಲ್ಲಿ ಇದು ಅತಿ ದೊಡ್ಡದು.

ತಟ್ಟೆ ಹಿಡಿದು ವಾಪಸು ಬರುವಾಗ ಒಳಗೆ ಜಾತ್ರೆಯೇ ನೆರೆದಿತ್ತು. ಪುಷ್ಪಕ್ಕ ಪರದೆಯ ಕೆಳಗಿನ ಬಣ್ಣದ ಗುಂಡಿಗಳನ್ನು ಬೆರಳಿಟ್ಟು ಎಣಿಸಿದ್ದರು.

"ಎಂಟ್ ಜನಕ್ಕೆ ಎಂಟ್ ಗುಂಡಿ. ಒಬ್ಬೊಬ್ರಿಗೆ ಒಂದೊಂದ್. ಮಾಸ್ಟ್ರೇ, ಇದ್ರಗೆ ನಂದ್ ಯಾವ್ದ್?"

ಪ್ರೇಮಾನಂದ ಮುಂಬೈಯಲ್ಲಿ ಪಳಗಿದವನು, ಗಿರಾಕಿಗೆ ಇಲ್ಲ ಎಂದು ಹೇಳಿ ಗೊತ್ತಿಲ್ಲ. "ಹಸ್ರದ್ದ್ ನಿಮ್ದ್" ಎಂದ. ಭಜನೆಗೆ ಕೂರುವ ಕ್ರಮದಲ್ಲೇ ಉಳಿದವೂ ಹಂಚಿಹೋದವು. ತಾಳ ಹಿಡಿದು ನಡುವೆ ಕೂರುವ ಪ್ರಭಾವತಿಯಮ್ಮನಿಗೆ ನಡುವಿನ ಕೆಂಪು ಗುಂಡಿ.

"ಪುಷ್ಪನ್ನ ಒಂಚೂರ್ ಇಳ್ಸಿ ಮಾಸ್ಟ್ರೇ" ಎಂದರು ಪ್ರಭಾವತಿಯಮ್ಮ. "ಯಾವತ್ತೂ ನನ್ನಿಂದ ಮುಂದೆ ಓಡ್ತ್ಳ್."

"ಇಳ್ಸುಕೆ ನಾನೆಂತ ಬಾವಿ ಕೊಡಪಾನವಾ? ಮೊದ್ಲ್ ಆ ಕೆಂಪನ್ನ ಇಳ್ಸಿ."

ಪ್ರೇಮಾನಂದ ಗಂಭೀರವಾಗಿ ಹಸಿರನ್ನು ಇಳಿಸಿದ, ಕೆಂಪನ್ನು ಏರಿಸಿದ, ಪುಷ್ಪಕ್ಕ ಕಣ್ಣುಬಿಟ್ಟಾಗ ಹಸಿರನ್ನು ಮತ್ತೆ ಏರಿಸಿದ. ಹಾರ್ಮೋನಿಯಂ ಬಾರಿಸುವ ಸ್ವರ್ಣಲತಾ ತನ್ನ ಹಳದಿ ಗುಂಡಿ ತಿರುಗಿದ್ದೇ, "ಈಗ ಕಾಣಿ, ನನ್ ಹಾರ್ಮೋನಿಯಂ ಎಷ್ಟ್ ಲಾಯ್ಕ್ ಕೇಂತ್ತ್. ಇಷ್ಟೊತ್ತ್ ಇರ್ಲೇ ಇಲ್ಲ" ಎಂದರು. ಎಲ್ಲರೂ ಹೌದು ಹೌದು ಎಂದು ತಲೆದೂಗಿದರು.

ತಟ್ಟೆ ಕೆಳಗಿಟ್ಟ ರೂಪೇಶನ ಕಣ್ಣು ಪರದೆಯ ಮೂಲೆಗೆ ಹೋಯಿತು. ತಾನು ಒತ್ತಿದ ಆಫ್ ಬಟನ್ ಹಾಗೇ ಇತ್ತು. ಇಷ್ಟು ಹೊತ್ತೂ ಯಾವ ಗುಂಡಿ ತಿರುಗಿದರೂ ಒಂದು ಕೂದಲಿನಷ್ಟೂ ಬದಲಾಗಿರಲಿಲ್ಲ. ಅವನು ಬಗ್ಗಿ ಪ್ರೇಮಾನಂದನ ಕಿವಿಯಲ್ಲಿ, "ಅದ್ ಆಫ್ ಇತ್ತ್ ಮಾರಾಯ" ಎಂದ.

"ಸುಮ್ನಿರ್. ನಂಗೇ ವ್ಯತ್ಯಾಸ ಕೇಂತಾ ಇತ್ತ್" ಎಂದ ಪ್ರೇಮಾನಂದ.

ಇನ್ನು ಯಾರಿಗೆ ಹೇಳುವುದು? ರೂಪೇಶ ಕಾದ. ಹೆಂಗಸರೆಲ್ಲ ಗೋಳಿಬಜೆಗೆ ತಿರುಗಿದ್ದೇ ಪ್ರೇಮಾನಂದನ ಭುಜದ ಮೇಲಿಂದ ಕೈಚಾಚಿ, ಹಲಸಿನ ಹಣ್ಣನ್ನು ಮುಚ್ಚಿ ತನ್ನ ಹಳೆಯ ಪ್ಲಗಿನ್ ತೆರೆದು, ಆ ಒಂದೇ ಗುಂಡಿಯನ್ನು ಎಷ್ಟು ಬೇಕೋ ಅಷ್ಟು ತಿರುಗಿಸಿ ಭಜನೆ ಹಾಕಿದ. ಚಾ ಕುಡಿಯುವ ಸದ್ದು ನಿಂತಿತು. ಎಂಟೂ ದನಿಗಳು ಒಂದರ ಮೇಲೊಂದು ಬೀಳದೆ, ಒಂದೇ ಮನೆಯವರ ಹಾಗೆ ಕೂಡಿ ಬಂದವು. ಮುಗಿಯುವಾಗ ಪ್ರಭಾವತಿಯಮ್ಮನ ಕಣ್ಣು ತುಂಬಿತ್ತು.

"ನನ್ ಸ್ವರ ಇಷ್ಟ್ ಲಾಯ್ಕ್ ಇತ್ತಂತ ನಂಗೇ ಗೊತ್ತಿರ್ಲಿಲ್ಲ. ಮಾಸ್ಟ್ರೇ, ನಿಮ್ ಕೈಯಂಗೆ ಎಂತದೋ ಇತ್ತ್."

"ಅಮ್ಮ, ಇದ್ ಈಗ ನಾನ್ ಮಾಡಿದ್ದ್" ಎಂದ ರೂಪೇಶ, ಎದೆ ಗಟ್ಟಿ ಮಾಡಿಕೊಂಡು. "ಈ ಒಂದೇ ಗುಂಡಿ ತಿರ್ಗ್ಸಿ ಮಾಡಿದ್ದ್."

ಪ್ರಭಾವತಿಯಮ್ಮ ಪರದೆಯಲ್ಲಿದ್ದ ಒಂಟಿ ಗುಂಡಿಯನ್ನು ನೋಡಿದರು, ಅವನನ್ನು ನೋಡಿದರು. ಅವರ ಮುಖದಲ್ಲಿ ಮರುಕ ಕಂಡಿತು.

"ಕಡಿಗೆ ಉಪ್ಪ್ ಹಾಕಿದ್ದ್ ನೀನೇ ಇರ್ಬೌದ್ ಮಗಾ. ಆದ್ರೆ ಇಷ್ಟೊತ್ತ್ ಬೆವರ್ ಸುರ್ಸಿ ಅಡ್ಗಿ ಮಾಡಿದ್ದ್ ಅವ್ರಲ್ದಾ?"

ಅಡುಗೆಯೇ ಆಗಿರಲಿಲ್ಲ, ಒಲೆಯೇ ಹೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ, ಇಲ್ಲದ ವ್ಯತ್ಯಾಸವನ್ನು ಕೇಳಿ ತಲೆದೂಗಿದ ಎಂಟು ಮಂದಿಯನ್ನು, ಅದರಲ್ಲೂ ಅತ್ತೆಯಾಗಬೇಕಾದವರನ್ನು, ನಿಮ್ಮ ಕಿವಿ ಸರಿಯಿಲ್ಲ ಎಂದ ಹಾಗಾಗುತ್ತಿತ್ತು. ಹಾಗೆ ಹೇಳಿ ಮದುವೆಯಾದವರು ಕುಂದಾಪುರ ತಾಲೂಕಿನಲ್ಲಿ ಯಾರೂ ಇಲ್ಲ. ರೂಪೇಶ ಖಾಲಿ ಲೋಟಗಳನ್ನು ಒಟ್ಟು ಮಾಡಿದ.

ಪ್ರಭಾವತಿಯಮ್ಮ ಫೋನು ಹಿಡಿದು ಹೊರಗಿನ ಜಗಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗೆ ಬಂದಾಗ ಮುಖ ಅರಳಿತ್ತು. ಸೀದಾ ಕುರ್ಚಿಯ ಹತ್ತಿರ ಹೋದರು.

"ಮಾಸ್ಟ್ರೇ, ಕೇಂತೆ ಅಂತ ಬೇಜಾರ್ ಮಾಡ್ಕಣ್ಬೇಡಿ. ನಿಮ್ಗ್ ಮದಿ ಆಯ್ತಾ?"

"ಇಲ್ಲ" ಎಂದ ಪ್ರೇಮಾನಂದ, ಮುಂಬೈಯನ್ನೆಲ್ಲ ಮರೆತು ನಾಚಿಕೊಂಡು.

"ಹಂಗಾರೆ ಅಪ್ಪ ಅಮ್ಮನ ಕರ್ಕಂಡ್ ನಾಳೆ ನಮ್ಮನಿಗ್ ಬನಿ. ನಂಗೊಬ್ಳ್ ಮಗ್ಳ್ ಇದ್ಳ್. ಸೊಸೈಟಿಯಂಗೆ ಕೆಲ್ಸ."

ಲೋಟವೊಂದು ರೂಪೇಶನ ಕೈಯಿಂದ ಜಾರಿತು. ಪುಷ್ಪಕ್ಕ ಅವನ ಬೆನ್ನು ತಟ್ಟಿ, "ಹೋಯ್ಲಿ ಬಿಡ್. ಮದಿಗೆ ಮೈಕ್ ಹಾಕುಕೆ ನೀನೇ ಬರ್ಕ್ ಕಾಣ್" ಎಂದು ಸಮಾಧಾನ ಹೇಳಿ, ಎಲ್ಲರ ಜೊತೆ ಮೆಟ್ಟಿಲಿಳಿದರು.

ಅವರ ಮಾತು ಬೀದಿಯಲ್ಲಿ ದೂರವಾಗುವ ಮೊದಲೇ ಕ್ಷಮಾಳ ಫೋನು ಬಂತು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಎಂತ ಮಾಯ ಮಾಡ್ರಿ ಮಾರಾಯ್ರೆ? ಅಮ್ಮ ಫೋನ್ ಮಾಡಿ, 'ಸ್ಟುಡಿಯೋದಗೆ ಒಬ್ಬ ಹುಡ್ಗನ್ನ ಕಂಡೆ, ಅಷ್ಟ್ ಬುದ್ಧಿವಂತನ್ನ ನಾನ್ ಕಾಣ್ಲೇ ಇಲ್ಲ, ನಿಂಗ್ ಅಕ್ಕಾ' ಅಂತ ಕೇಂಡ್ರ್. ನಾನ್ ಹೆಸ್ರೂ ಕೇಣ್ದೆ ಅಕ್ಕ್ ಅಂದೆ. ಮಾತ್ ಕೊಟ್ಟ್ ಬಿಡ್ತೆ ಅಂದ್ರ್, ಕೊಡಿ ಅಂದೆ."

ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿದ ಪ್ರೇಮಾನಂದ ತಲೆಗೂದಲು ಸರಿಮಾಡಿಕೊಳ್ಳುತ್ತ ಕೇಳಿದ.

"ರೂಪೇಶ, ನೀನ್ ಭಾನುವಾರ ಬಸ್ರೂರಿಗೆ ಹೋಯ್ದೆ ಅಲ್ದಾ? ಆ ಹುಡ್ಗಿ ಕಾಂಬುಕೆ ಹ್ಯಾಂಗಿದ್ಳ್?"