ಮಂದಿ ಕೂಡಿದರೆ ಅರ್ಧ ಬೆಲೆ

ಕೂಪನ್ ಮಾರುವವಳ ಬದುಕಿನಲ್ಲಿ ತಿಂಗಳಿಗೊಂದಾದರೂ ಫಜೀತಿ ಆಗದೇ ಹೋದರೆ, ನಾನು ಕೆಲಸವನ್ನೇ ಸರಿಯಾಗಿ ಮಾಡಿಲ್ಲವೇನೋ ಅನ್ನಿಸುತ್ತದೆ. ಗೋಕಾಕದಲ್ಲಿ ನಾನು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸ್ ಮುಚ್ಚಿದ ಮೇಲೆ ಈ ಕೆಲಸಕ್ಕೆ ಸೇರಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಊರಿನ ಹೋಟೆಲು, ಕೆಫೆ, ಖಾನಾವಳಿಗಳನ್ನು ನಮ್ಮ ಕಂಪನಿಯ ಆ್ಯಪ್‌ಗೆ ಸೇರಿಸುವುದು ನನ್ನ ಪಾಲಿಗೆ ಬಂತು. ನಾಲ್ಕೋ ಆರೋ ಎಂಟೋ ಮಂದಿ ಕೂಡಿ ಒಂದು ಕೂಪನ್ ಕೊಂಡರೆ ಊಟ, ತಿಂಡಿ ಎಲ್ಲ ಅರ್ಧ ಬೆಲೆ. ಮಂದಿ ಕಡಿಮೆ ಬಿದ್ದರೆ ಆ್ಯಪ್ಪೇ ಗುರುತಿಲ್ಲದವರನ್ನು ತಂದು ಜೋಡಿಸುತ್ತದೆ. ತರಬೇತಿಯಲ್ಲಿ ಕೇಳಿದಾಗ ಬಹಳ ಚಂದ ಕಂಡಿತ್ತು. ತರಬೇತಿ ಕೊಟ್ಟವರು ನಮ್ಮ ಕಡೆಯ ಮಂದಿಯನ್ನು ನೋಡಿರಲಿಲ್ಲ, ಅಷ್ಟೇ.

ಪಾಪ, ರೊಕ್ಕ ಇಲ್ಲಂತ

ಹುಕ್ಕೇರಿಯಲ್ಲಿ ಒಬ್ಬ ಅಕ್ಕನ ಖಾನಾವಳಿ ಇದೆ. ವಯಸ್ಸು ಅರವತ್ತರ ಹತ್ತಿರ. ಅವರ ಜೋಳದ ರೊಟ್ಟಿಗೆ ಕೋರ್ಟಿನ ಮಂದಿ ಸಾಲು ಹಚ್ಚುತ್ತಾರೆ. ಅವರನ್ನು ಒಪ್ಪಿಸಲು ಮೂರು ದಿನ ಅಲೆದೆ.

"ಅರ್ಧ ರೊಕ್ಕ ತಗೊಂಡು ಪೂರಾ ಊಟ ಹಾಕಬೇಕು?"

"ಹೌದ್ರಿ ಅಕ್ಕಾರ. ಮಂದಿ ಜಾಸ್ತಿ ಬರ್ತಾರ್ರಿ."

"ಈಗ ಬರೋ ಮಂದಿಗೇ ರೊಟ್ಟಿ ಬಡದ ಬಡದ ರಟ್ಟಿ ಬಿದ್ದು ಹೋಗ್ಯಾವ ತಂಗಿ. ಇನ್ನೂ ಜಾಸ್ತಿ ಮಂದೀನ ಎಲ್ಲಿ ಕುಂಡ್ರಸ್ಲಿ?"

ಮೂರನೆಯ ದಿನ ಬೇರೆ ದಾರಿ ಕಾಣದೆ ಖರೆ ಹೇಳಿಬಿಟ್ಟೆ. "ಅಕ್ಕಾರ, ಈ ತಿಂಗಳ ಹುಕ್ಕೇರ್ಯಾಗ ಒಂದರ ಹೋಟೆಲ್ ಸೇರಲಿಲ್ಲಂದ್ರ ನನ್ನ ಕೆಲಸ ಹೋಗ್ತೈತ್ರಿ."

ಅಕ್ಕ ಬಡಿಯುತ್ತಿದ್ದ ರೊಟ್ಟಿ ಅಲ್ಲೇ ಬಿಟ್ಟರು. "ಅಯ್ಯ, ಇದನ್ನ ಮೊದಲ ಹೇಳಬಾರದೇನು? ಬರಕೋ ಬರಕೋ."

ಮೊದಲ ದಿನ ಕೂಪನ್ ತಂದವರು ನಾಲ್ಕು ಜನ ವಕೀಲರು. ಕರಿ ಕೋಟು, ಇಸ್ತ್ರಿ ಮಾಡಿದ ಪ್ಯಾಂಟು. ಅವರಲ್ಲಿ ಹಿರಿಯರು ಫೋನ್ ಮುಂದೆ ಹಿಡಿದರು. ಅಕ್ಕ ಫೋನ್ ನೋಡಿದರು, ನಾಲ್ವರ ಮುಖವನ್ನೂ ನೋಡಿದರು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಮೇಲೆ ಒಳಗೆ ಬಡಿಸುವವರಿಗೆ ಕೂಗಿದರು: "ಏ, ಈ ನಾಲ್ಕ ಮಂದಿಗಿ ಮೊದಲ ನೀಡ್ರಿ. ಪಾಪ, ರೊಕ್ಕ ಇಲ್ಲಂತ. ನಾಲ್ಕೂ ಮಂದಿ ಕೂಡಿಸ್ಕೊಂಡ ಬಂದಾರ."

ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು.

ಹಿರಿಯ ವಕೀಲರು, "ಅಕ್ಕಾರ, ರೊಕ್ಕ ಐತ್ರಿ, ಇದು ಆಫರ್..." ಅಂದರು.

"ಇರ್ಲಿ ಬಿಡೋ ತಮ್ಮಾ, ನಾಚಬ್ಯಾಡ. ಎಲ್ಲಾರ ಮನ್ಯಾಗೂ ಇರೋದ ಇದು." ಹೀಗೆ ಹೇಳಿ ಅವರ ರೊಟ್ಟಿಯ ಮೇಲೆ ಒಂದು ಸೌಟು ತುಪ್ಪ ಸುರಿದರು. ಬೇಡ ಬೇಡ ಅಂದರೂ ಶೇಂಗಾ ಹೋಳಿಗೆ ಎರಡೆರಡು ಹಾಕಿದರು.

ಮೂಲೆಯಲ್ಲಿ ಉಣ್ಣುತ್ತಿದ್ದವನೊಬ್ಬ ಇದೇ ವಕೀಲರ ಕಕ್ಷಿದಾರ. ಕೈ ತೊಳೆಯುವಲ್ಲಿ ಅವರ ಬಾಜೂ ಬಂದು ನಿಂತು ಮೆಲ್ಲಗೆ ಕೇಳಿದ, "ಸಾಹೇಬ್ರ, ತಪ್ಪ ತಿಳಿಬ್ಯಾಡ್ರಿ. ನಿಮಗ ಕೇಸ್ ಗೆದ್ದ ರೂಢಿ ಐತಿ ಹೌದಲ್ರಿ?"

ಸಂಜೆ ವಕೀಲರ ಫೋನು. "ಮೇಡಂ, ನಾಳಿಯಿಂದ ಕೂಪನ್ ಬ್ಯಾಡ್ರಿ. ಪೂರಾ ರೊಕ್ಕ ಕೊಟ್ಟ ಉಣತೇವಿ." ಫೋನ್ ಇಡುವ ಮೊದಲು ಸೇರಿಸಿದರು, "ಆದರ ತುಪ್ಪ ಮಾತ್ರ ರೊಕ್ಕ ಇಲ್ಲದವರಿಗಿ ನೀಡ್ತಾರಲ್ರಿ, ಹಂಗ ನೀಡಾಕ ಹೇಳ್ರಿ."

ಪ್ಲಾಸ್ಟಿಕ್ ಹೊದಿಸಿದ ಕೂಪನ್

ಹುಕ್ಕೇರಿಯದೇ ಇನ್ನೊಂದು. ಒಬ್ಬ ಅಜ್ಜನಿಗೆ ಮೊಮ್ಮಗಳು ಫೋನಿನಲ್ಲಿ ಇಡ್ಲಿ ವಡೆ ಕೂಪನ್ ಕಳಿಸಿದ್ದಳು. ಅಜ್ಜ ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿ, ಲ್ಯಾಮಿನೇಶನ್ ಮಾಡಿಸಿ, ಅಂಗಿಯ ಒಳಗಿನ ಕಿಸೆಯಲ್ಲಿ ಇಟ್ಟುಕೊಂಡು, ಗೆಳೆಯರನ್ನು ಕರೆದುಕೊಂಡು ಹೋಟೆಲಿಗೆ ಬಂದ. ಎಲ್ಲರೂ ಹೊಟ್ಟೆ ತುಂಬ ತಿಂದರು. ಮರುದಿನ ಅದೇ ಕೂಪನ್, ಅದೇ ಗೆಳೆಯರು.

ಮಾಲೀಕರು ತಡೆದರು. "ಅಜ್ಜಾರ, ಇದು ಒಂದ ಸಲ ಅಷ್ಟ ನಡೀತೈತ್ರಿ."

ಅಜ್ಜ ಇನ್ನೊಂದು ಕಿಸೆಗೆ ಕೈ ಹಾಕಿ ಆಧಾರ್ ಕಾರ್ಡ್ ತೆಗೆದು ಕೂಪನ್ನಿನ ಬಾಜೂ ಇಟ್ಟ. "ಇದನ್ನೂ ಅದ ಅಂಗಡ್ಯಾಗ ಲ್ಯಾಮಿನೇಶನ್ ಮಾಡಿಸೇನಿ. ಇದೂ ಒಂದ ಸಲ ಅಷ್ಟ ನಡೀತೈತೇನು?"

ಮಾಲೀಕರು ಎರಡನ್ನೂ ತಿರುವಿ ತಿರುವಿ ನೋಡಿದರು. ನನಗೆ ಫೋನ್ ಮಾಡಿ ಕೇಳಿದರು. ನಾನು, "ಇಡ್ಲಿ ಕೊಟ್ಟ ಬಿಡ್ರಿ" ಅಂದೆ.

ನೆಗೆಣ್ಣಿಯರು

ಮೂಡಲಗಿಯಲ್ಲಿ ಹೊಸ ಫ್ಯಾಮಿಲಿ ರೆಸ್ಟೋರೆಂಟ್ ಒಂದು ನಮ್ಮ ಆ್ಯಪ್‌ಗೆ ಸೇರಿತು. ಮಾಲೀಕರು ಮೆತ್ತಗಿನ ಮನುಷ್ಯ, ಗಿರಾಕಿ ಕೆಮ್ಮಿದರೂ ತಾವೇ ನೀರು ತರುವವರು. ಆರು ಮಂದಿಯ ಕೂಪನ್. ಆರೂ ಮಂದಿ ಒಟ್ಟಿಗೇ ಬಂದು ಕೂರಬೇಕು ಅನ್ನುವುದು ನಿಯಮ. ಮೊದಲ ದಿನ ನಾನೂ ಅಲ್ಲೇ ಇದ್ದೆ.

ಆ ದಿನದ ಆರು ಮಂದಿಯಲ್ಲಿ ಇಬ್ಬರು ನೆಗೆಣ್ಣಿಯರು, ಅಂದರೆ ಅಣ್ಣತಮ್ಮಂದಿರ ಹೆಂಡಂದಿರು. ಒಂದೇ ಓಣಿಯಲ್ಲಿ ಮನೆ, ಮೂರು ವರ್ಷದಿಂದ ಮಾತಿಲ್ಲ. ಹಿರಿಯಾಕೆ ಕೊಟ್ಟ ಕುಕ್ಕರನ್ನು ಕಿರಿಯಾಕೆ ರಬ್ಬರ್ ಇಲ್ಲದೆ ವಾಪಸ್ ಕೊಟ್ಟಿದ್ದಳಂತೆ. ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಕೂಪನ್ ಕೊಂಡಿದ್ದರು. ಆ್ಯಪ್ ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸಿತ್ತು.

ಬಂದವರು ಉದ್ದನೆಯ ಟೇಬಲಿನ ಈ ತುದಿಗೊಬ್ಬರು, ಆ ತುದಿಗೊಬ್ಬರು ಕೂತರು. ನಡುವೆ ಉಳಿದ ನಾಲ್ಕು ಜನ ಉಸಿರು ಬಿಗಿಹಿಡಿದು ಸೂಪ್ ಕುಡಿದರು. ಗೋಬಿ ಬಂತು. ಹಿರಿಯಾಕೆ ವೇಟರನ್ನು ಕರೆದಳು. ಆತ ಐವತ್ತು ದಾಟಿದ ಮನುಷ್ಯ.

"ಅಣ್ಣಾ, ಆ ತುದೀಗಿ ಕುಂತಾಳಲ್ಲ, ಆಕಿಗಿ ಕೇಳು. ಗೋಬಿ ತಿಂದ್ರ ಪಿತ್ತ ಆಗತಿತ್ತು, ಈಗ ಆರಾಮ ಐತೇನು?"

ವೇಟರ್ ಹೋಗಿ ಕೇಳಿದ. "ಆರಾಮ ಐತಿ ಅಂತ ಹೇಳು," ಅಂದಳು ಕಿರಿಯಾಕೆ. "ಆಕೀದು ಮೊಣಕಾಲ ನೋವ ಹೆಂಗೈತಿ ಕೇಳು."

ವೇಟರ್ ವಾಪಸ್ ಬಂದಾಗ ಹಿರಿಯಾಕೆ ಅಂದಳು, "ಥಂಡಿ ಬಿದ್ದಾಗ ಅಷ್ಟ ನೋಯ್ತಾವ ಅಂತ ಹೇಳು. ಮಗಂದು ಪರೀಕ್ಷಾ ಹೆಂಗ ಆತು ಕೇಳು." ಹೀಗೆ ಆ ತುದಿ ಈ ತುದಿ ಐದಾರು ಸಲ ಆಯಿತು. ಕೊನೆಗೆ ವೇಟರ್ ನಡುವೆ ನಿಂತು ಕೈ ಮುಗಿದ. "ಅಕ್ಕಾರ, ಈಗ ನನ್ನ ಮೊಣಕಾಲ ನೋಯಾಕತ್ತಾವ್ರಿ."

ಇಬ್ಬರೂ ತುಟಿ ಕಚ್ಚಿದರು. ನಗಲಿಲ್ಲ. ಅಷ್ಟರಲ್ಲಿ ಮಾಲೀಕರು ಬಂದು, ಕೂಪನ್ನಿನಲ್ಲಿ ಐಸ್‌ಕ್ರೀಂ ಸೇರಿಲ್ಲ ಅಂತ ವಿನಯದಿಂದ ತಿಳಿಸಿದರು.

"ಯಾಕ ಸೇರಿಲ್ಲ?" ಅಂತ ಹಿರಿಯಾಕೆ ಎದ್ದಳು.

"ಫೋಟೋದಾಗ ಐಸ್‌ಕ್ರೀಂ ಐತಲ್ಲ?" ಅಂತ ಆ ತುದಿಯಿಂದ ಕಿರಿಯಾಕೆಯೂ ಎದ್ದಳು. ಫೋಟೋದ ಮೂಲೆಯಲ್ಲಿ ಅಂದಕ್ಕೆಂದು ಒಂದು ಬಟ್ಟಲು ಇದ್ದದ್ದು ಖರೆ. "ಅಕ್ಕಾ, ನೀ ಫೋಟೋ ತೋರಸು, ನಾ ಮಾತಾಡ್ತೇನಿ," ಅಂದಳು. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ನಿಂತು ಕಾಲು ತಾಸು ವಾದಿಸಿ, ಆರೂ ಮಂದಿಗೆ ಐಸ್‌ಕ್ರೀಂ ತರಿಸಿ, ಒಂದೇ ಸ್ಕೂಟಿಯಲ್ಲಿ ಮನೆಗೆ ಹೋದರು.

ಮಾಲೀಕರು ಬೆವರು ಒರೆಸಿಕೊಂಡು ನನ್ನ ಎದುರಿಗೆ ಕೂತರು. "ಮೇಡಂ, ಇಬ್ಬರೂ ಒಂದಾದದ್ದು ಸಂತೋಷ್ರಿ. ಆದರ ಅವರು ಮಾತ ಬಿಟ್ಟಿದ್ದಾಗ ನನಗ ಭಾಳ ಆರಾಮ ಇತ್ರಿ."

ನಮಗ ಒಪ್ಪಿಗಿ ಐತಿ

ಇದು ಗೋಕಾಕದ ಒಂದು ಕೆಫೆಯಲ್ಲಿ ನಡೆದದ್ದು. ಇದರಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ.

ನಾಗನೂರಿನ ಒಬ್ಬ ಯಜಮಾನರು ಎಂಟು ಮಂದಿಯ ಕೂಪನ್ ಕೊಂಡರು. ತಾವು, ಹೆಂಡತಿ, ಇಬ್ಬರು ಗಂಡುಮಕ್ಕಳು ಸೇರಿ ನಾಲ್ಕು ಹೆಸರು ಹಾಕಿ, ಉಳಿದ ನಾಲ್ಕು ಜಾಗ ಖಾಲಿ ಬಿಟ್ಟರು. ದೊಡ್ಡ ಮಗನಿಗೆ ಹೆಣ್ಣು ನೋಡುವುದಿತ್ತು. ಖಾಲಿ ಜಾಗವನ್ನು ಹೆಣ್ಣಿನ ಕಡೆಯವರು ತುಂಬುತ್ತಾರೆ ಅಂತ ಅವರ ಲೆಕ್ಕ. ಮದುವೆ ಹೊಂದಿಸುತ್ತಿದ್ದ ಮಧ್ಯಸ್ಥರಿಗೆ ಫೋನಿನಲ್ಲಿ ಹೇಳಿಯೂ ಇದ್ದರು. ಮಧ್ಯಸ್ಥರು ಏನೂ ತಿಳಿಯದೆ "ಹೂಂ ಹೂಂ" ಅಂದಿದ್ದರು.

ಹಿಂದಿನ ದಿನ ಯಜಮಾನರು ನನಗೆ ಫೋನ್ ಮಾಡಿ, "ಎಂಟೂ ಮಂದಿ ಆದರೇನವಾ?" ಅಂತ ಕೇಳಿದರು. ನಾನು ನೋಡಿ, "ಆಗ್ಯಾರ್ರಿ, ಕೂಪನ್ ಖಾಯಂ ಆತ್ರಿ" ಅಂದೆ. ಯಾವ ನಾಲ್ವರು ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸೇರಿದ್ದವರು ಗೋಕಾಕದ್ದೇ ಒಂದು ಕುಟುಂಬ. ಮಗಳಿಗೆ ನರ್ಸ್ ಕೆಲಸ ಸಿಕ್ಕಿತ್ತು, ಆ ಖುಷಿಗೆ ದೋಸೆ ತಿನ್ನಲು ಹೊರಟವರು.

ಎಂಟು ಮಂದಿಯ ಕೂಪನ್ ಅಂತ ಮಾಲೀಕರು ಎಂಟು ಕುರ್ಚಿಯ ಒಂದೇ ಟೇಬಲ್ ಹಾಕಿಸಿದ್ದರು. ನಾನು ಕೌಂಟರಿನಲ್ಲಿ ಅವರಿಗೆ ಕೂಪನ್ನಿನ ಕೋಡ್ ಹೊಡೆಯುವುದನ್ನು ತೋರಿಸುತ್ತಿದ್ದೆ. ಎರಡೂ ಕುಟುಂಬ ಬಂದು ನಮಸ್ಕಾರ ಮಾಡಿ ಎದುರುಬದುರು ಕೂತವು. ಹುಡುಗಿಯ ಫೋಟೋ ನಾಗನೂರಿನವರ ಹತ್ತಿರ ಇತ್ತು. ಆದರೆ ಅದು ಮುಖ ಬೆಳ್ಳಗೆ ಮಾಡುವ ಕ್ಯಾಮೆರಾದ್ದು, ಅದರಲ್ಲಿ ಯಾರು ಬೇಕಾದರೂ ಇರಬಹುದಿತ್ತು.

ವರನ ತಾಯಿ ಶುರು ಮಾಡಿದರು. "ಏನ್ ಓದೀಯವಾ?"

"ನರ್ಸಿಂಗ್ ರಿ. ಮೊನ್ನೆ ಕೆಲಸ ಸಿಕ್ತು."

"ಛಲೋ ಆತು. ರೊಟ್ಟಿ ಬಡೀಲಿಕ್ಕೆ ಬರ್ತೈತಿ?"

"ಬರ್ತೈತ್ರಿ. ಆದರ ಗುಂಡಗ ಆಗಂಗಿಲ್ರಿ."

ನಮ್ಮ ಕಡೆ ಬಸ್ಸಿನಲ್ಲಿ ಬಾಜೂ ಕೂತ ಹೆಂಗಸೂ ಇಷ್ಟು ಕೇಳದೆ ಇಳಿಯುವುದಿಲ್ಲ. ಹಾಗಾಗಿ ನರ್ಸ್ ಮನೆಯವರಿಗೆ ಏನೂ ಅನ್ನಿಸಲಿಲ್ಲ. ವರ ಮಾತ್ರ ತಲೆ ತಗ್ಗಿಸಿ, ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತ ಕೂತಿದ್ದ.

"ನೀನೂ ಏನರ ಕೇಳೋದಿದ್ರ ಕೇಳವಾ, ನಾಚಬ್ಯಾಡ," ಅಂದರು ತಾಯಿ.

ನರ್ಸ್ ವರನನ್ನು ಒಂದು ಗಳಿಗೆ ನೋಡಿದಳು. "ಇವರಿಗಿ ಬಿಪಿ ಐತೇನ್ರಿ? ಭಾಳ ಬೆವರಾಕತ್ತಾರ."

ವರನ ತಂದೆಗೆ ಹುಡುಗಿಯ ಧೈರ್ಯ ಹಿಡಿಸಿತು. ಗಂಟಲು ಸರಿಮಾಡಿಕೊಂಡು ಆಕೆಯ ತಂದೆಗೆ ಹೇಳಿದರು, "ನಮಗ ಎಲ್ಲಾ ಒಪ್ಪಿಗಿ ಐತ್ರಿ. ನಿಮಗ?"

ನರ್ಸಿನ ತಂದೆ ಕಾಫಿ ಕಪ್ ಕೆಳಗಿಟ್ಟರು. "ನಮಗೂ ಒಪ್ಪಿಗೀರಿ. ಸಕ್ಕರಿ ಒಂಚೂರ ಕಡಿಮಿ ಐತಿ, ಅಷ್ಟ."

"ಹಂಗಾರ ಮುಂದಿನ ಮಾತ ಯಾವಾಗ್ರಿ?"

"ಮುಂದಿನ ಆಫರ್ ಬರ್ಲಿ, ನೋಡೂಣಂತ್ರಿ."

ವರನ ತಂದೆಯ ಮುಖ ಬಿಗಿಯಿತು. "ಎಂಥಾ ಆಫರ್ ರಿ? ನಾವು ವರದಕ್ಷಿಣಿ ತಗೊಳ್ಳೋ ಮಂದಿ ಅಲ್ರಿ!"

"ವರದಕ್ಷಿಣಿ? ಯಾರ ಮದಿವೀರಿ?"

ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಮಧ್ಯಸ್ಥರು ಏದುಸಿರು ಬಿಡುತ್ತ ಒಳಗೆ ಬಂದರು, ಹಿಂದೆ ದಡ್ಡಿ ಅನ್ನುವ ಊರಿನಿಂದ ಬಂದ ನಾಲ್ಕು ಜನ. "ತಡ ಆತ್ರಿ, ಬಸ್ ಕೆಟ್ಟ ನಿಂತಿತ್ತು. ಇವರ ನೋಡ್ರಿ, ಹುಡುಗಿ ಕಡಿಯವರು."

ಎಂಟೂ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಕೌಂಟರಿನ ಹಿಂದೆ ಬಗ್ಗಿ ಇಲ್ಲದ ಪೆನ್ನು ಹುಡುಕತೊಡಗಿದೆ. ನರ್ಸ್ ಎದ್ದು, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ದಡ್ಡಿಯ ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಮಗಳನ್ನ ನೋಡಾಕ ಕರಸಿ ಬ್ಯಾರೆ ಹುಡುಗೀನ ಒಪ್ಪೀರಿ? ನಡೀರಿ, ಹೋಗೂಣು!"

ಸಂಬಂಧ ಮುರಿದೇ ಹೋಯಿತು ಅಂದುಕೊಂಡೆ. ಆಗ ನಗು ಕೇಳಿಸಿತು. ನೋಡಬೇಕಾಗಿದ್ದ ಹುಡುಗಿಯೇ ಕುರ್ಚಿ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

"ಅಪ್ಪಾ, ಮುಂಜಾನಿಂದ ಬಸ್ಸಿನ್ಯಾಗ ಕುಂತೇನಿ. ಹೋಗೋದಿದ್ರ ತಿಂದ ಹೋಗೂಣು." ಹೀಗೆ ಹೇಳಿ, ಕುರ್ಚಿ ಎಳೆದುಕೊಂಡು ವರನ ಎದುರಿಗೆ ಕೂತೇಬಿಟ್ಟಳು. "ಕೇಳೋದೆಲ್ಲಾ ಆಕೀಗೇ ಕೇಳೀರಿ. ನನಗ ಏನರ ಉಳದೈತೇನ್ರಿ?"

ವರ ಅವತ್ತು ಮೊದಲ ಸಲ ತಲೆ ಎತ್ತಿದ. "ದೋಸಿ ತಿಂತೀರೇನ್ರಿ?" ಅಂತ ಕೇಳಿದ.

ದಡ್ಡಿಯ ಯಜಮಾನರ ಮುಖದಲ್ಲೂ ನಗು ಇಣುಕಿತು. ಮಾಲೀಕರು ಇನ್ನೊಂದು ಟೇಬಲ್ ತಂದು ಜೋಡಿಸಿದರು. ನರ್ಸಿನ ಮನೆಯವರು ಎದ್ದು ಹೋಗಲು ನೋಡಿದರೆ ಯಾರೂ ಬಿಡಲಿಲ್ಲ. ಮದುವೆಯ ಮಾತು ಅವತ್ತೇ ಪಕ್ಕಾ ಆಯಿತು. ಮದುವೆಗೆ ನರ್ಸಿನ ಮನೆಯವರನ್ನೂ ಕರೆದಿದ್ದರು, ನನ್ನನ್ನೂ ಕರೆದಿದ್ದರು.

ಮದುವೆಯಾಗಿ ಸ್ವಲ್ಪ ದಿನಕ್ಕೆ ವರನ ತಾಯಿ ಫೋನ್ ಮಾಡಿದರು. "ತಂಗಿ, ಸಣ್ಣ ಮಗಗೂ ಹೆಣ್ಣ ನೋಡಾಕತ್ತೇವಿ. ಅದ ಕೆಫೇದು ಒಂದ ಕೂಪನ್ ನೋಡವಾ. ಆದರ ನಿಮ್ಮ ಆ್ಯಪ್ಪಿಗಿ ಹೇಳು, ಈ ಸಲ ಗುರ್ತಿಲ್ಲದ ಮಂದೀನ ತಂದ ಕುಂಡ್ರಸಬ್ಯಾಡ ಅಂತ."

ಹಿಂದಿನಿಂದ ಸಣ್ಣ ಮಗ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಯವ್ವಾ, ಹಂಗ ಹೇಳಬ್ಯಾಡ! ಹೋದ ಸಲ ಯಾರನ್ನ ಕುಂಡ್ರಿಸಿತ್ತೋ, ಅವರನ್ನ ಕುಂಡ್ರಸಾಕ ಹೇಳು!"