ಭಾವನ ಎರಡು ಬಣ್ಣದ ಸ್ವೆಟರ್

ನಮ್ಮ ಭಾವ ಹುಟ್ಟಿದಾಗಿನಿಂದ ಒಂದೇ ಒಂದು ತಪ್ಪೂ ಮಾಡಿಲ್ಲ. ನಂಬಿಕೆ ಬರದಿದ್ದರೆ ಅವರನ್ನೇ ಕೇಳಿ! ತಮ್ಮೂರು ಪೊವೇಯಿಂದ ಡೈಮಂಡ್ ಬಾರ್ ಎಂಬ ಊರಿನ ನಮ್ಮ ಮನೆಗೆ ಹೊರಟವರು ಹೆದ್ದಾರಿಯ ಎಕ್ಸಿಟ್ ತಪ್ಪಿ ಒಂದು ಗಂಟೆ ತಡವಾಗಿ ಬಂದರೂ, "ಬೇಕಂತಲೇ ಆ ಕಡೆಯಿಂದ ಬಂದೆ ಕಣೋ, ಟ್ರಾಫಿಕ್ ಹೇಗಿರುತ್ತೆ ನೋಡೋಣ ಅಂತ" ಎನ್ನುತ್ತಾರೆ. ಹಿಂದೆ ನಿಂತ ನಮ್ಮಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ.

ಲಾಕ್‌ಡೌನಿನಲ್ಲಿ ಆಫೀಸು ಮನೆಗೇ ಬಂದಾಗ ಈ ಟೆಲಿಕಾಂ ಎಂಜಿನಿಯರು ಉಲ್ಲನ್ ಹೆಣೆಯಲು ಕೂತರು. ಚಳಿಯೇ ಇಲ್ಲದ ಊರಲ್ಲಿ ಇದೆಲ್ಲ ಯಾಕೆ ಭಾವ ಎಂದರೆ, "ಮೀಟಿಂಗ್‌ನಲ್ಲಿ ನಿದ್ದೆ ಬರಲ್ಲ" ಎಂದರು. ಅದರಲ್ಲೂ ಎರಡು ಬಣ್ಣದ ಡಿಸೈನೇ ಆಗಬೇಕು! ವಿಧಾನವೇನೋ ಸುಲಭ. ಎರಡು ಸಾಲು ನೀಲಿ, ಎರಡು ಸಾಲು ಬಿಳಿ. ನೀಲಿ ಹೆಣೆಯುವಾಗ, ಬಿಳಿಯಾಗಿ ಉಳಿಯಬೇಕಾದ ಕುಣಿಕೆಗಳನ್ನು ಹೆಣೆಯದೆ ಈ ಕಡ್ಡಿಯಿಂದ ಆ ಕಡ್ಡಿಗೆ ಹಾಗೇ ದಾಟಿಸುವುದು. ದಾಟಿಸಿದ ಕುಣಿಕೆಯ ಹಿಂದೆ ಹಾಯುವ ದಾರವನ್ನು ಸಡಿಲ ಬಿಡಬೇಕು, ಎಳೆದರೆ ಎಲ್ಲಾ ಮುದುಡಿಕೊಳ್ಳುತ್ತದೆ. ಸಡಿಲ ಬಿಡುವುದು, ನಮ್ಮ ಭಾವ? ಉಂಟೇ!

ಮೊದಲ ಟೋಪಿ ನನಗೇ ಬಂತು. ತೆಂಗಿನಕಾಯಿಗೆ ಸರಿಹೋಗುತ್ತಿತ್ತು.

"ಬಿಗಿ ಆಯ್ತಲ್ಲ ಭಾವ?"

"ಟೋಪಿ ಸರಿಯಾಗೇ ಇದೆ. ನಿನ್ನ ತಲೇನೇ ದಪ್ಪ."

ಈಗ ಅದು ನಮ್ಮ ಕಾಫಿ ಫಿಲ್ಟರಿನ ಹೊದಿಕೆ.

ಹೋದ ವರ್ಷ ಮಾತ್ರ ನಮ್ಮ ನಗು ನಿಂತಿತು. ಅವರ ಮಗಳು ಕಂಪ್ಯೂಟರ್ ಸೈನ್ಸ್ ಬಿಟ್ಟು ಮಡಕೆ, ಕುಡಿಕೆ ಮಾಡುವ ಕೋರ್ಸಿಗೆ ಸೇರಿದಳು. "ಹಾಗಾದ್ರೆ ಈ ಮನೆಗೆ ಬರಬೇಡ" ಎಂದುಬಿಟ್ಟರು ಭಾವ. ಅವಳೂ ಅಪ್ಪನ ಮಗಳೇ! ಕಾಲೇಜಿಗೆ ಹತ್ತಿರವೆಂದು ನಮ್ಮ ಮನೆಗೆ ಬಂದಳು. ಆರು ತಿಂಗಳು ಅಪ್ಪ ಮಗಳ ನಡುವೆ ಮಾತಿಲ್ಲ ಕತೆಯಿಲ್ಲ. ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. "ಒಂದು ಸಾರಿ ತಪ್ಪಾಯ್ತು ಅನ್ನೋಕೆ ಇವರಿಗೇನು ಕಷ್ಟ ಹೇಳೋ?"

ಒಂದು ಭಾನುವಾರ ಭಾವ ಒಬ್ಬರೇ ಬಂದರು, ಎಕ್ಸಿಟ್ ತಪ್ಪದೆ. ಕೈಯಲ್ಲಿ ಮಗಳಿಗೆಂದು ಹೆಣೆದ ನೀಲಿ ಬಿಳಿ ಸ್ವೆಟರ್. ಅವಳ ಕೈಗಿಟ್ಟರು. ಅವಳು ಅಲ್ಲೇ ಹಾಕಿಕೊಳ್ಳಲು ಹೋದಳು. ತಲೆ ತೂರಿತು, ಭುಜ ತೂರಲಿಲ್ಲ. ಎರಡೂ ಕೈ ಮೇಲೆತ್ತಿಕೊಂಡು ಸಿಕ್ಕಿಹಾಕಿಕೊಂಡು ನಿಂತಳು. ಇನ್ನು 'ನಿನ್ನ ಭುಜವೇ ದಪ್ಪ' ಅನ್ನುತ್ತಾರೆ ಎಂದು ನಾನು ಅಡುಗೆಮನೆಯ ಕಡೆ ಸರಿದೆ.

ಭಾವ ಮೆಲ್ಲಗೆ ಸ್ವೆಟರ್ ಬಿಡಿಸಿದರು. ಸೋಫಾದಲ್ಲಿ ಕೂತು, ಕೊನೆಯ ಗಂಟು ಬಿಚ್ಚಿ ದಾರ ಎಳೆಯತೊಡಗಿದರು.

"ವಾಟ್ ಆರ್ ಯು ಡೂಯಿಂಗ್, ಅಪ್ಪಾ?"

"ಇದು ಬಿಗಿ ಆಗಿದ್ದು ನನ್ನ ತಪ್ಪು. ಅವತ್ತು ಹಾಗೆ ಅಂದಿದ್ದೂ ನಂದೇ ತಪ್ಪು ಕಣಮ್ಮ."

ಅಕ್ಕನ ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅವರ ಬಾಯಲ್ಲಿ ಈ ಮಾತು ಕೇಳಿದ್ದು ಇದೇ ಮೊದಲು. ಮಗಳು ಅವರೆದುರು ನೆಲದ ಮೇಲೆ ಕೂತು, ಉಗುರಿನ ತುಂಬ ಮಣ್ಣಿದ್ದ ಎರಡೂ ಕೈಗಳನ್ನು ಮುಂದೆ ಚಾಚಿದಳು. ಬಿಚ್ಚಿದ ದಾರವನ್ನು ಭಾವ ಆ ಕೈಗಳಿಗೆ ಸುತ್ತತೊಡಗಿದರು.

"ಬಿಗಿ ಆಯ್ತೇನಮ್ಮಾ?" ಎಂದು ಪ್ರತಿ ಸುತ್ತಿಗೂ ಕೇಳುತ್ತಿದ್ದರು.